ಶುಕ್ರವಾರದ ಟ್ರೇ

ಹೆದರಿಕೆಯಾದಾಗಲೆಲ್ಲ ನನಗೆ ನಗು ಬರುತ್ತದೆ. ಇದೇನು ಕಾಯಿಲೆಯೋ ಏನೋ.

ಡೈರಿಯಲ್ಲಿ ಇಷ್ಟು ಬರೆದು ಅಶ್ವಿತಾ ಪೆನ್ನಿನ ತುದಿ ಕಚ್ಚಿದಳು. ಕಚ್ಚಿದ ಮೇಲೆ ನೆನಪಾಯಿತು, ಪೆನ್ನು ಕೋಣೆಯ ಜೊತೆಗಾತಿ ರೋಸ್‌ಮೇರಿಯದ್ದು. ತಟ್ಟನೆ ಬಾಯಿಂದ ತೆಗೆದು ಚೂಡಿದಾರದ ಅಂಚಿಗೆ ಒರೆಸಿದಳು. ಒರೆಸಿದರೆ ಎಂಜಲು ಹೋಗುತ್ತದೆ ಎಂಬ, ತಾನು ಕೆಲಸ ಮಾಡುವ ಕ್ಲಿನಿಕ್ಕಿನ ಬುದ್ಧಿ ತನಗೂ ಹತ್ತಿತಲ್ಲ ಎನ್ನಿಸಿತು. ಅದಕ್ಕೂ ನಗು ಬಂತು.

ಅವಳದು ಮುಗುಳ್ನಗೆಯಲ್ಲ. ಹೊಟ್ಟೆಯ ಬುಡದಲ್ಲಿ ಹುಟ್ಟಿ, ಗಂಜಿಯ ಹಾಗೆ ಉಕ್ಕಿ, ಮುಚ್ಚಳವನ್ನೇ ಎತ್ತಿಬಿಡುವ ನಗು. ಬೆಳ್ತಂಗಡಿಯಲ್ಲಿ ಬಿ.ಎ. ಓದುವಾಗ ಮೇಷ್ಟ್ರು ಎಬ್ಬಿಸಿ ಪ್ರಶ್ನೆ ಕೇಳಿದರೆ ಬರುತ್ತಿತ್ತು. ದೋಹಾದ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಒಮ್ಮೆ ಪಾಸ್‌ಪೋರ್ಟನ್ನೂ ಒಮ್ಮೆ ಮುಖವನ್ನೂ ನೋಡಿದಾಗ ಬಂದಿತ್ತು. ಅಜ್ಜಿ ಪೂವಕ್ಕ ಸತ್ತ ದಿನ ಹೆಣದ ಮುಂದೆಯೇ ಬಂದಿತ್ತು. ನೆಂಟರೆಲ್ಲ ಕಣ್ಣು ಕೆಕ್ಕರಿಸಿದಾಗ ಸೋದರಮಾವ ದೇಜಪ್ಪ ಅವಳ ರಟ್ಟೆ ಹಿಡಿದು ಹಿತ್ತಿಲಿಗೆ ಕರೆದುಕೊಂಡು ಹೋಗಿ, “ಇಲ್ಲಿ ನಗು ಮಗಾ, ಎಷ್ಟು ಬೇಕಾದ್ರೂ ನಗು, ಯಾರೂ ಇಲ್ಲ” ಎಂದು ಬಾಳೆಯ ಬುಡದಲ್ಲಿ ಕೂರಿಸಿದ್ದ. ಕೂತು ನಕ್ಕೇ ನಕ್ಕಳು. ಕೊನೆಗೆ ಕಣ್ಣೀರೂ ಬಂತು.

ನಗು ಹೀಗೆ ಹೇಳದೆ ಕೇಳದೆ ಬರುವುದು. ಮಾತು ಮಾತ್ರ ಕರೆದರೂ ಬಾರದು. ಆಡಬೇಕಾದದ್ದೆಲ್ಲ ಗಂಟಲಲ್ಲಿ ನಿಂತು, ಮಲಗುವ ಮುಂಚೆ ಡೈರಿಗೆ ಇಳಿಯುತ್ತಿತ್ತು.

ಆದ್ದರಿಂದ ಕ್ಲಿನಿಕ್ಕಿನ ಮಾಸ್ಕ್ ಎಂದರೆ ಅವಳಿಗೆ ಪ್ರಾಣ. ಮೂಗಿನಿಂದ ಗಲ್ಲದವರೆಗೆ ಮುಚ್ಚಿಕೊಂಡರೆ ಒಳಗೆ ಹಲ್ಲು ಕಿಸಿದರೂ ಯಾರಿಗೂ ತಿಳಿಯದು. ಕಣ್ಣೊಂದನ್ನು ತಗ್ಗಿಸಿಕೊಂಡಿದ್ದರೆ ಆಯಿತು. ಕಣ್ಣು ತಗ್ಗಿಸುವುದು ಅವಳ ಮನೆತನಕ್ಕೆ ಹೊಸತಲ್ಲ.

ಕ್ಲಿನಿಕ್ ಇದ್ದದ್ದು ದೋಹಾದ ಅಲ್ ಸದ್ದ್‌ನಲ್ಲಿ, ಒಂದು ಜ್ಯೂಸ್ ಅಂಗಡಿಯ ಮಹಡಿಯ ಮೇಲೆ. ದಂತವೈದ್ಯರು ಯಜ್ಞೇಶ್. ಅವಳ ಊರಿನ ಜಮೀನ್ದಾರ ಧನಿಗಳ ಬೀಡಿನ ಮನೆಯ ಮೊಮ್ಮಗ. ಆ ಬೀಡಿನ ಗದ್ದೆಯಲ್ಲಿ ನೇಜಿ ನೆಟ್ಟು ನೆಟ್ಟು ಪೂವಕ್ಕನ ಬೆನ್ನು ಕೊನೆಗೆ ನೆಟ್ಟಗಾಗಲೇ ಇಲ್ಲ. ಹೆಣವನ್ನು ಕೂಡ ಒಂದು ಮಗ್ಗುಲಿಗೆ ಮಲಗಿಸಬೇಕಾಯಿತು. ಡಾಕ್ಟರು ರಜೆಯಲ್ಲಿ ಊರಿಗೆ ಬಂದಾಗ ಅಶ್ವಿತಾಳ ಅಮ್ಮ ಹೋಗಿ ಅಂಗಳದಾಚೆ ನಿಂತು ಕೇಳಿಕೊಂಡಿದ್ದಳು. ಅವರು ಅಶ್ವಿತಾಳನ್ನು ಮೇಲಿಂದ ಕೆಳಗೆ ನೋಡಿ, “ಡಿಗ್ರಿ ಆಗಿದೆ, ಬಾಯಿ ಇಲ್ಲ. ನನಗೆ ಬೇಕಾದ್ದು ಇದೇ” ಎಂದು ವೀಸಾ ಕೊಡಿಸಿದರು. ಈಗ ಅವಳ ಪಾಸ್‌ಪೋರ್ಟು ಡಾಕ್ಟರ ಮೇಜಿನ ಡ್ರಾಯರಿನಲ್ಲಿ. ಡ್ರಾಯರಿನ ಕೀಲಿ ಡಾಕ್ಟರ ಕಿಸೆಯಲ್ಲಿ.

ಬಾಯಿ ಇಲ್ಲದವಳಿಗೆ ದಿನವಿಡೀ ಬಾಯಿಗಳದೇ ಕೆಲಸ. ಇದನ್ನು ನೆನೆದರೂ ಅವಳಿಗೆ ಮಾಸ್ಕಿನೊಳಗೆ ನಗು.

ಶನಿವಾರದಿಂದ ಗುರುವಾರದವರೆಗೆ ಕ್ಲಿನಿಕ್ ಎಂದರೆ ಜಾದೂ ಪ್ರದರ್ಶನ. ಪ್ರತಿ ರೋಗಿಗೂ ಬೇರೆ ಕನ್ನಡಿ, ಬೇರೆ ಇಕ್ಕಳ. ಒಂದೊಂದನ್ನೂ ಕುಕ್ಕರಿನಂಥ ಯಂತ್ರದಲ್ಲಿ ಹಬೆಗೆ ಬೇಯಿಸಿ, ಕಾಗದದ ಲಕೋಟೆಯಲ್ಲಿ ಸೀಲು ಮಾಡಿ ಇಟ್ಟಿರುತ್ತಿದ್ದರು. ಅದನ್ನು ರೋಗಿಯ ಕಣ್ಣೆದುರೇ ಪರ್ ಎಂದು ಹರಿಯಬೇಕು. ಹರಿಯುವ ಸದ್ದು ಕೇಳಬೇಕು, ಡಾಕ್ಟರ ಕಟ್ಟಪ್ಪಣೆ ಅದು. “ಸೀ ಮೇಡಂ, ಫುಲ್ಲಿ ಸೀಲ್ಡ್,” ಎಂದು ಅವರು ಟೋಪಿಯಿಂದ ಪಾರಿವಾಳ ತೆಗೆದವರಂತೆ ಇಕ್ಕಳ ಎತ್ತಿ ತೋರಿಸುತ್ತಿದ್ದರು. ಮೇಡಂ ಸಮಾಧಾನದಿಂದ ಬಾಯಿ ತೆರೆಯುತ್ತಿದ್ದರು.

ಶುಕ್ರವಾರ ಜಾದೂ ಇಲ್ಲ.

ಶುಕ್ರವಾರ ಬೆಳಿಗ್ಗೆ ಇಂಡಸ್ಟ್ರಿಯಲ್ ಏರಿಯಾದ ಕ್ಯಾಂಪಿನಿಂದ ಬಸ್ಸು ಬರುತ್ತಿತ್ತು. ಏಷ್ಯನ್ ಗೇಮ್ಸ್ ಬರುವ ವರ್ಷ ಅದು. ಊರಿಡೀ ಕಟ್ಟುತ್ತಿದ್ದರು, ಕಟ್ಟುವವರಿಗೆ ಹಲ್ಲೂ ಇತ್ತು. ಒಂದು ಕಟ್ಟಡದ ಕಂಪನಿ ತನ್ನ ಕೂಲಿಗಳ ಹಲ್ಲನ್ನೆಲ್ಲ ಡಾಕ್ಟರಿಗೆ ಗುತ್ತಿಗೆ ಕೊಟ್ಟಿತ್ತು. ನೇಪಾಳದವರು, ಬಂಗಾಳದವರು, ನಮ್ಮ ಕರಾವಳಿಯವರು. ಕುತ್ತಿಗೆಯ ಹಿಂದೆ ಚರ್ಮ ಸುಟ್ಟು ಸುಲಿದವರು. ಉಗುರಿನ ಸಂದಿಯಲ್ಲಿ ಸಿಮೆಂಟು. ಮಧ್ಯಾಹ್ನಕ್ಕೆ ಜುಮ್ಮಾ ನಮಾಜು. ಅಷ್ಟರೊಳಗೆ ಎಲ್ಲ ಬಾಯಿಗಳೂ ಖಲಾಸ್ ಆಗಬೇಕು.

ಅವರಿಗಾಗಿ ಸಿಂಕಿನ ಅಡಿಯಿಂದ ಒಂದು ನೆಗ್ಗಿದ ಸ್ಟೀಲಿನ ಟ್ರೇ ಹೊರಗೆ ಬರುತ್ತಿತ್ತು. ಅದರಲ್ಲಿ ಕನ್ನಡಿ, ಕೊಕ್ಕೆ, ಇಕ್ಕಳ. ಪಕ್ಕದಲ್ಲಿ ಡೆಟ್ಟಾಲ್ ನೀರಿನ ಬೋಗುಣಿ. ಒಬ್ಬನ ಬಾಯಿಂದ ತೆಗೆ, ಅದ್ದು, ಕೊಡವು, ಇನ್ನೊಬ್ಬನ ಬಾಯಿಗೆ ಕೊಡು. ಅಶ್ವಿತಾಳ ಕೆಲಸ ಇಷ್ಟೇ. ತೆಗೆ, ಅದ್ದು, ಕೊಡವು, ಕೊಡು. ಬೆಳಿಗ್ಗೆ ಬೋಗುಣಿಯ ನೀರು ಹಾಲಿನ ಹಾಗೆ ಬೆಳ್ಳಗೆ. ಬಿಸಿಲೇರುವಾಗ ಚಹಾ. ಬಸ್ಸು ಹೊರಡುವ ಹೊತ್ತಿಗೆ ಬೀಟ್ರೂಟಿನ ಸಾರು. ಡಾಕ್ಟರ ಗ್ಲೌಸೂ ಅಂದು ಒಂದೇ ಜೊತೆ. ಕೈಗೆ ಹಾಕಿಕೊಂಡ ಹಾಗೆಯೇ ಸೋಪು ಹಚ್ಚಿ ತೊಳೆದುಕೊಳ್ಳುತ್ತಿದ್ದರು. ಬಾಗಿಲಿಗೂ ಅಂದು ರಜೆ, ತೆರೆದೇ ಇರುತ್ತಿತ್ತು. ಹೊರಗೆ ಬೆಂಚಿನಲ್ಲಿ ಕೂತವರು ತಮ್ಮ ಸರದಿಗೆ ಕಾಯುತ್ತ ಒಳಗಿನವನ ಬಾಯಿಯನ್ನು ನೋಡುತ್ತಿದ್ದರು.

ಮೊದಲ ಶುಕ್ರವಾರ ಅಶ್ವಿತಾಳ ಕೈ ಬೋಗುಣಿಯಲ್ಲೇ ನಿಂತಿತ್ತು. ಜೊತೆಯ ನರ್ಸು ರೋಸ್‌ಮೇರಿ, ಶಿರ್ವದವಳು, ಮೊಣಕೈಯಲ್ಲಿ ತಿವಿದಳು.

“ಎಂತ ನೋಡ್ತಿ? ಮೀನು ಉಂಟಾ ಅದ್ರಲ್ಲಿ?”

ಸಂಜೆ ಫ್ಲಾಟಿನಲ್ಲಿ ತಲೆ ಬಾಚುತ್ತ ರೋಸ್‌ಮೇರಿಯೇ ಹೇಳಿದಳು: “ನಾನು ಬಂದ ಹೊಸತರಲ್ಲಿ ಕೇಳಿದ್ದೆ ಮಾರಾಯ್ತಿ. ಡಾಕ್ಟ್ರೇ, ಇದನ್ನು ಕುಕ್ಕರಿಗೆ ಹಾಕುದಿಲ್ವಾ ಅಂತ. ‘ಒಂದು ಕುಕ್ಕರ್ ಇಳಿಯುವಾಗ ಅರ್ಧ ಬಸ್ಸು ಮುಗೀತದೆ ರೋಸಿ. ನಿನಗೆ ಊರಿಗೆ ಹೋಗ್ಲಿಕ್ಕೆ ಮನಸ್ಸಾಗಿದೆಯಾ?’ ಅಂತ ಕೇಳಿದ್ರು. ನಕ್ಕೊಂಡೇ ಕೇಳಿದ್ದು. ನಾನೂ ನಕ್ಕೆ. ಮತ್ತೆ ಕೇಳ್ಲಿಲ್ಲ. ನೀನೂ ಕೇಳ್ಬೇಡ. ಹೇಗೂ ನಿನಗೆ ಬಾಯಿ ಇಲ್ಲ, ಆರಾಮ.”

ಡಾಕ್ಟರಿಗೆ ತಿಳಿವಳಿಕೆ ಇರಲಿಲ್ಲವೇ? ಇತ್ತು. ಎಲ್ಲರಿಗಿಂತ ಹೆಚ್ಚೇ ಇತ್ತು. ಬೇಕಾದರೆ ಪ್ರಶಸ್ತಿಯನ್ನೇ ನೋಡಬಹುದು.

ದೋಹಾದ ಒಂದು ದೊಡ್ಡ ಹೋಟೆಲಿನಲ್ಲಿ ದಂತವೈದ್ಯರಿಗೆಲ್ಲ ಸೇರಿಸಿ ಸೋಂಕು ತಡೆಯುವ ಬಗ್ಗೆ ಒಂದು ಸಭೆ ನಡೆಯಿತು. ಕೊನೆಯಲ್ಲಿ ವೈದ್ಯರ ಅರಿವು ಎಷ್ಟಿದೆ ಎಂದು ನೋಡಲು ಕ್ವಿಜ್. ಡಾಕ್ಟರ್ ಯಜ್ಞೇಶ್ ಒಂದು ಉತ್ತರವನ್ನೂ ತಪ್ಪು ಹೇಳಲಿಲ್ಲ. ಮೊದಲ ಬಹುಮಾನ. ಗಾಜಿನ ಒಂದು ಹಲ್ಲು, ಕೆಳಗೆ ಬಂಗಾರದ ಬಣ್ಣದ ಪೀಠ. ಅದನ್ನು ಕ್ಲಿನಿಕ್ಕಿನ ಮುಂದಿನ ಕೌಂಟರಿನ ಮೇಲಿಟ್ಟು ಮೇಲಿಂದ ಲೈಟು ಬಿಟ್ಟರು. ದಿನಾ ಅದನ್ನು ಒರೆಸುವ ಕೆಲಸ ಅಶ್ವಿತಾಳಿಗೆ ಬಂತು. ಅದಕ್ಕೆ ಮೆತ್ತನೆಯ ಬಟ್ಟೆ, ಬೇರೆ ಸ್ಪ್ರೇ. ಅದ್ದುವುದಿಲ್ಲ, ಕೊಡವುವುದಿಲ್ಲ.

ಬಹುಮಾನದ ಖುಷಿಗೆ ಐನ್ ಖಾಲಿದ್ ಬಡಾವಣೆಯ ಡಾಕ್ಟರ ವಿಲ್ಲಾದಲ್ಲಿ ಚಹಾಕೂಟ. ಊರಿನ ನಾಲ್ಕು ಸಂಸಾರಗಳು ಬಂದಿದ್ದವು. ಊರಿಂದ ಬಂದು ಉಳಿದಿದ್ದ ಡಾಕ್ಟರ ತಾಯಿ ಕಾಂತಾಮಣಿಯಮ್ಮ ಗೋಳಿಬಜೆ ಕರಿದಿದ್ದರು. ಡಾಕ್ಟರು ಸೋಫಾದ ಮುಂದೆ ನಿಂತು ಗಾಜಿನ ಹಲ್ಲನ್ನು ಎತ್ತಿ ಹಿಡಿದು ಹೇಳಿದರು:

“ಕೊನೆಯ ಪ್ರಶ್ನೆ ಎಂತ ಗೊತ್ತುಂಟಾ? ಯಾವ ರೋಗಿಯನ್ನು ಸೋಂಕು ಇದ್ದವ ಅಂತ ತಿಳಿದು ಕೆಲಸ ಮಾಡಬೇಕು? ಉಳಿದವರು ಜ್ವರ ಇದ್ದವ, ಕಾಮಾಲೆ ಇದ್ದವ ಅಂತ ಹೇಳಿದ್ರು. ನಾನು ಹೇಳಿದೆ: ಎಲ್ಲರನ್ನೂ! ದೊಡ್ಡವ, ಸಣ್ಣವ ಅಂತ ಇಲ್ಲ. ಎಲ್ಲರ ಬಾಯಿಯೂ ಒಂದೇ!”

ಚಪ್ಪಾಳೆ ಬಿತ್ತು. ಅಶ್ವಿತಾಳಿಗೆ ಹೊಟ್ಟೆಯ ಬುಡದಲ್ಲಿ ಗುಳುಗುಳು ಶುರುವಾಯಿತು. ಇಲ್ಲಿ ಮಾಸ್ಕ್ ಇರಲಿಲ್ಲ.

ಅಷ್ಟರಲ್ಲಿ ಚಹಾ ಬಂತು. ಎಲ್ಲರಿಗೂ ಪಿಂಗಾಣಿ ಕಪ್ಪು, ಹೂವಿನ ಚಿತ್ರದ್ದು. ರೋಸ್‌ಮೇರಿಗೂ ಪಿಂಗಾಣಿಯೇ. ಕಾಂತಾಮಣಿಯಮ್ಮ ಅಶ್ವಿತಾಳ ಬಳಿ ಬಂದು ಒಂದು ಕ್ಷಣ ತಡೆದು, ಒಳಗೆ ಹೋಗಿ, ಕಾಗದದ ಲೋಟದಲ್ಲಿ ಚಹಾ ತಂದರು. ಕೈಗೆ ಕೊಡಲಿಲ್ಲ. ಟೀಪಾಯಿಯ ತುದಿಯಲ್ಲಿಟ್ಟರು.

“ಪೂವಕ್ಕನ ಪುಳ್ಳಿಯಲ್ವಾ ಇದು? ಕುಡಿ, ಕುಡಿ. ಕುಡಿದ ಮೇಲೆ ನೀನೇ ಬಿಸಾಡು, ಆಯ್ತಾ?”

ಅಶ್ವಿತಾ ಲೋಟವನ್ನು ನೋಡಿದಳು. ಹೊಚ್ಚ ಹೊಸದು. ಯಾರೂ ಮುಟ್ಟಿಲ್ಲ. ಒಮ್ಮೆ ಬಳಸಿ ಎಸೆಯುವಂಥದ್ದು. ಈ ಮನೆಯಲ್ಲಿ ಪೂರ್ತಿ ಇನ್‌ಫೆಕ್ಷನ್ ಕಂಟ್ರೋಲ್ ಸಿಕ್ಕಿದವಳು ತಾನೊಬ್ಬಳೇ!

ಒಂದು ಗುಟುಕು ಕುಡಿಯುವಷ್ಟರಲ್ಲಿ ನಗು ಉಕ್ಕಿಯೇ ಬಿಟ್ಟಿತು. ಬಾಯಿಯೊಳಗಿದ್ದ ಗೋಳಿಬಜೆ ಗಂಟಲಿಗೆ ಸಿಕ್ಕಿ, ಮೂಗಿನಲ್ಲಿ ಚಹಾ ಬಂದು, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತುಂಬಿ, ಬಚ್ಚಲಿಗೆ ಓಡಿ ನಲ್ಲಿ ಬಿಟ್ಟುಕೊಂಡು ನಕ್ಕಳು. ಹೊರಗೆ ಕಾಂತಾಮಣಿಯಮ್ಮ ಹೇಳುವುದು ಕೇಳಿಸಿತು: “ಪಾಪ, ಗೋಳಿಬಜೆ ತಿಂದು ಗೊತ್ತಿಲ್ಲ ಅಂತ ಕಾಣ್ತದೆ.”

ನಗು ಇಳಿದಾಗ ಅಜ್ಜಿಯ ಗೆರಟೆ ನೆನಪಾಯಿತು.

ಬೀಡಿನ ಬೇಲಿಯ ಸಂದಿಯಲ್ಲಿ ಪೂವಕ್ಕನದೊಂದು ತೆಂಗಿನ ಗೆರಟೆ ಸಿಕ್ಕಿಸಿ ಇರುತ್ತಿತ್ತು. ಚಹಾದ ಹೊತ್ತಿಗೆ ಅವಳೇ ತೆಗೆದು, ಅವಳೇ ತೊಳೆದು ಹಿಡಿಯಬೇಕು. ಮೇಲಿಂದ ಹೊಯ್ಯುತ್ತಿದ್ದರು. ಕುಡಿದು, ತೊಳೆದು, ಮತ್ತೆ ಬೇಲಿಗೆ. ಅಜ್ಜಿ ಇದನ್ನು ಎಲೆಯಡಿಕೆ ಜಗಿಯುತ್ತ ಕಥೆಯ ಹಾಗೆ ಹೇಳುತ್ತಿದ್ದಳು: “ಅವರು ಎಲೆಯಲ್ಲಿ ಬಿಟ್ಟದ್ದನ್ನು ನಮಗೆ ಕೊಡುವಾಗ ಅದಕ್ಕೆ ಊಟ ಅಂತ ಹೆಸರು. ನಮ್ಮ ತುಟಿ ತಾಗಿದ್ದು ಮಾತ್ರ ಎಂಜಲು. ಎಂಜಲಿಗೂ ಜಾತಿ ಇಟ್ಟವರು ಮಗಾ ಅವರು.”

ಡಾಕ್ಟರು ಈಗಲೂ ನೀರನ್ನು ಎತ್ತಿಯೇ ಕುಡಿಯುತ್ತಾರೆ. ತುಟಿ ತಾಗಿಸುವುದಿಲ್ಲ. ಒಮ್ಮೆ ರೋಸ್‌ಮೇರಿ ಬಾಯಾರಿ ಅವರ ಬಾಟಲಿಗೆ ಬಾಯಿ ಇಟ್ಟಳೆಂದು ಬಾಟಲಿಯನ್ನೇ ಕಸದ ಬುಟ್ಟಿಗೆ ಎಸೆದಿದ್ದರು. ಎಂಜಲು ಎಂದರೇನೆಂದು ಅವರಿಗೆ ಯಾವ ಸಭೆಯೂ ಕಲಿಸಬೇಕಾಗಿರಲಿಲ್ಲ. ಹಾಲು ಕುಡಿಯುವಾಗಲೇ ಕಲಿತಿದ್ದರು.

ಅಂದು ಮಲಗುವ ಮುಂಚೆ ಅವಳು ಡೈರಿಯಲ್ಲಿ ಬರೆದಳು: ಸಿಂಕಿನ ಅಡಿಯ ಟ್ರೇ ಅಜ್ಜಿಯ ಗೆರಟೆಯೇ. ಅಲ್ಲ. ಗೆರಟೆ ಅಜ್ಜಿಯದ್ದಾದರೂ ಆಗಿತ್ತು. ಇಲ್ಲಿ ಬಸ್ಸಿಗೆಲ್ಲ ಒಂದೇ ಗೆರಟೆ.

ಬರೆದದ್ದು ಚೆಂದವಿದೆ ಎನ್ನಿಸಿತು. ಹಾಗೆನ್ನಿಸಿದ್ದಕ್ಕೆ ನಾಚಿಕೆಯಾಯಿತು. ಚೆಂದ ಬರೆದು ಶುಕ್ರವಾರ ಮತ್ತೆ ಅದ್ದು, ಕೊಡವು, ಕೊಡು. ಕೈ ಅವಳದೇ ತಾನೇ?

ಮುಂದಿನ ಶುಕ್ರವಾರ ಬಸ್ಸಿನಿಂದ ಒಂದು ಬಾತ ಕೆನ್ನೆ ಇಳಿಯಿತು. ತಲೆಗೆ ಬೈರಾಸು ಸುತ್ತಿ, ಒಂದು ಕೈಯಲ್ಲಿ ಕೆನ್ನೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ ಆಸಾಮಿಯನ್ನು ಕಂಡು ಅಶ್ವಿತಾ ಬೋಗುಣಿ ಕೆಳಗಿಟ್ಟು ಬಾಗಿಲಿಗೆ ಓಡಿದಳು.

“ಮಾವ!”

ದೇಜಪ್ಪ ಮಾವ ಕತಾರಿನಲ್ಲೇ ಇದ್ದಾನೆಂದು ಗೊತ್ತಿತ್ತು. ಶಟರಿಂಗ್ ಬಡಗಿ. ಕಂಪನಿ ಬದಲಾಯಿಸಿ ಈ ಕ್ಯಾಂಪಿಗೆ ಬಂದದ್ದು ಗೊತ್ತಿರಲಿಲ್ಲ. ಅವನು ಒಂದೇ ಕಣ್ಣಲ್ಲಿ ನಕ್ಕ. ಇನ್ನೊಂದನ್ನು ಕೆನ್ನೆ ಮುಚ್ಚಿಬಿಟ್ಟಿತ್ತು.

“ನೀನು ಇಲ್ಲಿಯಾ ಮಗಾ? ಮೂತಿಗೆ ಎಂತ ಕಟ್ಟಿದ್ದು, ಎತ್ತಿಗೆ ಕಟ್ಟಿದ ಹಾಗೆ?”

ಅವನ ಹಿಂದೆ ಕ್ಯಾಂಪಿನ ಕೋಣೆಯವನು, ಕಬ್ಬಿಣ ಕಟ್ಟುವ ಸಲಾಂ, ಉಪ್ಪಿನಂಗಡಿಯ ಬ್ಯಾರಿ. ಅಂಗೈ ತುಂಬ ಕಟ್ಟುವ ತಂತಿ ಕೊಯ್ದ ಗೆರೆ. ಸರದಿ ಅವನದ್ದಾಗಿತ್ತು.

“ದೇಜಣ್ಣ, ನೀವು ಮೊದ್ಲು ಹೋಗಿ. ನಿನ್ನೆಯಿಂದ ನಿಮ್ಮ ರಾಗ ಕೇಳಿ ಕೇಳಿ ರೂಮಿನವರಿಗೆಲ್ಲ ಹಲ್ಲು ನೋವು ಬಂದಿದೆ. ನಂದೇನು, ಒಂದು ಹುಳುಕು.”

“ಇವರು ಸಲಾಂ. ಮೀನು ಸಾರು ಮಾಡಿದ್ರೆ ತಲೆಯ ತುಂಡು ನನಗೇ ಹಾಕುವವರು,” ಎಂದು ದೇಜಪ್ಪ ಸೊಸೆಗೆ ಪರಿಚಯ ಹೇಳಿದ. “ಒಂದೇ ಬಟ್ಟಲಲ್ಲಿ ಉಣ್ಣುದು ನಾವು.”

ಬಾಗಿಲಲ್ಲಿ ದೇಜಪ್ಪ ಚಪ್ಪಲಿ ಬಿಟ್ಟ. ತಲೆಯ ಬೈರಾಸು ತೆಗೆದು ಕಂಕುಳಲ್ಲಿ ಇಟ್ಟ. ಒಳಗೆ ಡಾಕ್ಟರನ್ನು ಕಂಡದ್ದೇ ಮುಖ ಬದಲಾಯಿತು. ಬೀಡಿನ ಸಣ್ಣ ಧನಿ! ಕ್ಯಾಂಪಿನಲ್ಲಾಗಲಿ, ಊರಿಂದ ಫೋನಿನಲ್ಲಾಗಲಿ ಯಾರೂ ಹೆಸರು ಹೇಳಿರಲಿಲ್ಲ. ಬೆನ್ನು ತಾನಾಗಿ ಬಾಗಿತು. ಅವನು ಹಲ್ಲಿನ ಕುರ್ಚಿಯನ್ನು ನೋಡಿದ, ಧನಿಯನ್ನು ನೋಡಿದ. ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ಕೂತು, ಮುಖ ಮೇಲೆತ್ತಿ, ಆ ಎಂದು ಬಾಯಿ ತೆರೆದ.

ಬೆಂಚು ಗೊಳ್ಳೆಂದಿತು. ನೇಪಾಳದವರು ಮೊಣಕಾಲು ಬಡಿದುಕೊಂಡು ನಕ್ಕರು. ಡಾಕ್ಟರೂ ನಕ್ಕರು. ರೋಸ್‌ಮೇರಿ ಗೋಡೆಗೆ ಮುಖ ಮಾಡಿ ಭುಜ ಕುಣಿಸಿದಳು.

ಅಶ್ವಿತಾಳಿಗೆ ಮಾತ್ರ ನಗು ಬರಲಿಲ್ಲ. ಇದೇ ಮೊದಲ ಸಲ. ಮಾವನ ತೆರೆದ ಬಾಯಿಯನ್ನು ಮೇಲಿಂದ ನೋಡಿದಳು. ಹೊಯ್ಯಲಿ ಎಂದು ಕಾಯುವ ಗೆರಟೆಯ ಹಾಗಿತ್ತು.

“ಕುರ್ಚಿಯಲ್ಲಿ ಕೂತುಕೊಳ್ಳೋ ಮಾರಾಯ, ಇದು ಕತಾರು!” ಎಂದರು ಡಾಕ್ಟರು. “ಪೂವಕ್ಕನ ಮಗ ದೇಜು ಅಲ್ವಾ ನೀನು? ಅಶ್ವಿತಾಳಿಗೆ ನೀನು ಮಾವ ಆಗ್ಬೇಕಲ್ಲ. ರೋಸಿ, ನಮ್ಮ ಊರಿನವ ಇವ. ಒಳಗಿಂದ ಸೀಲ್ಡ್ ಸೆಟ್ ತೆಗಿ. ನಮ್ಮವರಿಗೆ ನಾವು ಅಷ್ಟೂ ಮಾಡದಿದ್ರೆ ಹೇಗೆ?”

ಪರ್ ಎಂದು ಲಕೋಟೆ ಹರಿಯಿತು. ಶುಕ್ರವಾರ ಕೇಳದ ಸದ್ದು. ಬೆಂಚಿನವರೆಲ್ಲ ಕತ್ತು ಉದ್ದ ಮಾಡಿ ನೋಡಿದರು. ಕುರ್ಚಿಯ ತುದಿಯಲ್ಲಿ ಅಂಜಿ ಕೂತ ದೇಜಪ್ಪನಿಗೆ ಉಬ್ಬಿದ ಕೆನ್ನೆ ಇನ್ನಷ್ಟು ಉಬ್ಬಿತು. ಬಾಯೊಳಗೆ ಸೂಜಿ ಇದ್ದರೂ ಹೆಬ್ಬೆರಳನ್ನು ಸಲಾಂ ಕಡೆಗೆ ಎತ್ತಿ ತೋರಿಸಿದ. ಸಲಾಂ ಹೊರಗಿನಿಂದ, “ಹಾಂ ಹಾಂ, ಈಗ ನೀವು ಶೇಕು ದೇಜಣ್ಣ!” ಎಂದ. ಮತ್ತೆ ಗೊಳ್.

ಅಶ್ವಿತಾಳಿಗೂ ಒಳಗೊಳಗೇ ಹಿತವಾಯಿತು. ಹಿತವಾದದ್ದು ಸುಳ್ಳಲ್ಲ. ತನ್ನ ಮಾವನಿಗೆ ಸೀಲು ಮಾಡಿದ್ದು ಸಿಕ್ಕಿತು.

ಹಲ್ಲು ಬುಡಸಹಿತ ಬಂತು. ಕೀವು, ರಕ್ತ. ದೇಜಪ್ಪ ಹತ್ತಿ ಕಚ್ಚಿಕೊಂಡು, ಧನಿಗೆ ಕೈ ಮುಗಿದು, ಹೊರಗೆ ಬೆಂಚಿನಲ್ಲಿ ಕೂತ. ಸಲಾಂ ಬಂದು ಕುರ್ಚಿಯಲ್ಲಿ ಒರಗಿದ. ಡಾಕ್ಟರು ಗ್ಲೌಸಿನ ಕೈಯನ್ನು ನಲ್ಲಿಯಡಿ ತಿಕ್ಕಿ, ಸಲಾಂಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಗೋಡೆಯ ಗಡಿಯಾರ ನೋಡಿದರು.

“ಯಲ್ಲಾ, ಯಲ್ಲಾ. ಇದೂ ಕೀಳುವಂಥದ್ದೇ. ಅಶ್ವಿತಾ, ಆ ಸೆಟ್ಟೇ ಕೊಡು. ಹೇಗೂ ಬಿಚ್ಚಿಯಾಯ್ತು, ಟ್ರೇಯದ್ದಕ್ಕಿಂತ ಅದೇ ಒಳ್ಳೇದು. ಅದ್ದಿ ಕೊಡು.”

ಅಶ್ವಿತಾ ಇಕ್ಕಳ ಎತ್ತಿಕೊಂಡಳು. ಅದ್ದಿದಳು. ಕೊಡವಿದಳು. ಇಕ್ಕಳದ ಕೀಲಿನ ಸಂದಿಯಲ್ಲಿ ಮಾವನ ರಕ್ತ ಎಳೆಯಾಗಿ ನಿಂತಿತ್ತು. ಮತ್ತೆ ಅದ್ದಿದಳು. ಬೋಗುಣಿಯ ನೀರು ಕೆಂಪಾಯಿತು. ಎಳೆ ಹೋಗಲಿಲ್ಲ.

ಸಲಾಂ ಕಣ್ಣು ಮುಚ್ಚಿ ಬಾಯಿ ತೆರೆದಿದ್ದ. ತನ್ನ ಸರದಿ ಬಿಟ್ಟುಕೊಟ್ಟವನು. ಅದೇ ಸರದಿಯಲ್ಲಿ ಬಂದಿದ್ದರೆ ಈ ಇಕ್ಕಳ ಅವನ ಬಾಯಿಗೆ ಬರುತ್ತಿರಲಿಲ್ಲ. ಮೀನಿನ ತಲೆ ಕೊಡುವವನು. ಒಂದೇ ಬಟ್ಟಲಲ್ಲಿ ಉಣ್ಣುವವರು, ನಿಜ. ಅದು ಅವರಿಬ್ಬರ ಇಷ್ಟ. ಇದು ಯಾರ ಇಷ್ಟ?

“ಕೊಡು,” ಎಂದರು ಡಾಕ್ಟರು. ಕೈ ಚಾಚಿದ್ದರು. ತಿರುಗಿ ನೋಡಲಿಲ್ಲ.

ಅವಳ ಕೈ ಮುಂದೆ ಹೋಗಲಿಲ್ಲ.

“ಕೊಡು ಮಾರಾಯ್ತಿ.”

ಹೊಟ್ಟೆಯ ಬುಡದಲ್ಲಿ ಶುರುವಾಯಿತು. ಡ್ರಾಯರು ಕಂಡಿತು. ಅದರೊಳಗಿನ ಪಾಸ್‌ಪೋರ್ಟು, ಅಂಗಳದಾಚೆ ಕೈಮುಗಿದು ನಿಂತ ಅಮ್ಮ, ವಿಮಾನದ ಕಿಟಕಿ, ಎಲ್ಲ ಒಟ್ಟಿಗೆ ಕಂಡಿತು. ಹೆದರಿಕೆ ಎಂದರೆ ಹೆದರಿಕೆ. ಉಕ್ಕಿತು. ಮಾಸ್ಕು ಉಬ್ಬಿ ಬಾಯಿಗೆ ಅಂಟಿತು. ಉಸಿರು ಸಿಕ್ಕದೆ ಅವಳು ಅದನ್ನು ಗಲ್ಲಕ್ಕೆ ಎಳೆದಳು. ಅಲ್ ಸದ್ದ್‌ನ ಆ ಕ್ಲಿನಿಕ್ಕು ಆವರೆಗೆ ಕೇಳದ ನಗು ಹೊರಗೆ ಬಂತು. ಕೆಳಗಿನ ಜ್ಯೂಸ್ ಅಂಗಡಿಯವನು ಮೇಲೆ ನೋಡುವಂಥ ನಗು. ಬೆಂಚಿನವರು ಮೊದಲು ಜೊತೆಗೆ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನಿಲ್ಲಿಸಿದರು. ರೋಸ್‌ಮೇರಿ ಶಿಲುಬೆಯ ಗುರುತು ಮಾಡಿಕೊಂಡಳು.

“ಹುಚ್ಚು ಹಿಡಿಯಿತಾ ನಿನಗೆ?” ಡಾಕ್ಟರು ತಿರುಗಿದರು. “ಎಂತ ಆದ್ದು? ಬಾಯಿ ಬಿಟ್ಟು ಹೇಳು!”

ಸಲಾಂ ಕಣ್ಣು ತೆರೆದ. ಹೊರಗೆ ದೇಜಪ್ಪ ಹತ್ತಿ ಕಚ್ಚಿಕೊಂಡೇ ಎದ್ದು ನಿಂತ. ಅವನಿಗೆ ಆ ನಗು ಗೊತ್ತಿತ್ತು. ಬಾಳೆಯ ಬುಡದಲ್ಲಿ ಕೇಳಿದ್ದ.

ಅಶ್ವಿತಾ ಇಕ್ಕಳವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು, ಡಾಕ್ಟರು ಮೇಡಂಗಳಿಗೆ ತೋರಿಸುವ ಹಾಗೆಯೇ. ನಗು ಇನ್ನೂ ತುಟಿಯಲ್ಲಿ ನಡುಗುತ್ತಿತ್ತು. ಅದರ ನಡುವಿನಿಂದಲೇ, ಬೆಂಚಿನ ಕೊನೆಯವನಿಗೂ ಕೇಳುವಷ್ಟು ಗಟ್ಟಿಯಾಗಿ, ಅವಳ ದನಿ ಬಂತು:

“ಇದು ನನ್ನ ಮಾವನ ಎಂಜಲು ಡಾಕ್ಟ್ರೇ. ಇದನ್ನು ಇನ್ನೊಬ್ಬರ ಬಾಯಿಗೆ ನಾನು ಕೊಡುದಿಲ್ಲ.”